ಐವತ್ತನೇ ರಸ್ತೆಯ ಬೈಕ್ ಪೊಲೀಸರು

“ಅಲ್ಲ ಕಣವ್ವ, ಈ ಊರಲ್ಲಿ ಪೊಲೀಸ್ನೋರ ಬೈಕೆಲ್ಲ ಇಷ್ಟು ದಿನ ಎಲ್ಲಿದ್ವು? ನಾನು ಬಂದಾಗ ಹಿಮ ಇತ್ತು, ಒಂದೂ ಕಾಣ್ನಿಲ್ಲ. ನೆನ್ನೆ ನೋಡುದ್ರೆ ಐವತ್ತನೇ ರೋಡಲ್ಲಿ ಒಬ್ಬ ಬೈಕ್ ನಿಲ್ಲಿಸ್ಕೊಂಡು, ಕೈಲಿ ಗನ್ ಹಿಡ್ಕೊಂಡು ನಿಂತವ್ನೆ!”

ಪಕ್ಕದ ಮನೆಯ ದೊಡ್ಡಪ್ಪ ಬೇಲಿಯ ಮೇಲೆ ಮೊಣಕೈ ಊರಿ ಕೇಳಿದರು. ಮದ್ದೂರು ಸೀಮೆಯವರು, ಕೆಎಸ್‌ಆರ್‌ಟಿಸಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಒಂದೊಂದು ಹಂಪೂ ಬಾಯಿಪಾಠ. ಮಗಳ ಮನೆಗೆಂದು ಕೆನಡಾದ ಬೋಲ್ಟನ್ನಿಗೆ ಬಂದ ಮೇಲೂ ಅವರ ಕಣ್ಣು ಮೊದಲು ಹೋಗುವುದು ರಸ್ತೆಯ ಮೇಲೇ. ನಾನು ಮೆಂತ್ಯದ ಮಡಿಗೆ ನೀರು ಬಿಡುತ್ತಿದ್ದೆ. ನಲ್ಲಿ ನಿಲ್ಲಿಸಿ ಬೇಲಿಯ ಹತ್ತಿರ ಬಂದೆ, ಏಕೆಂದರೆ ಈ ವಿಷಯ ನನ್ನ ಮನಸ್ಸಿನಲ್ಲೂ ಕೆಲವು ತಿಂಗಳಿಂದ ಕೊರೆಯುತ್ತಿದೆ.

“ಅದು ಗುಂಡು ಹಾರಿಸೋ ಗನ್ ಅಲ್ಲ ದೊಡ್ಡಪ್ಪ, ವೇಗ ಅಳೆಯೋದು. ಹಿಮ, ಉಪ್ಪು, ಮಂಜುಗಟ್ಟಿದ ರಸ್ತೆ ಇರುವಾಗ ಎರಡು ಚಕ್ರದ ಮೇಲೆ ಗಸ್ತು ತಿರುಗೋಕೆ ಆಗಲ್ಲ. ಬಿಸಿಲು ಬಂದ ಮೇಲೆ ಬೈಕು ಹೊರಗೆ ಬರುತ್ತೆ.”

“ಹಂಗಾದ್ರೆ ಇವ್ನು ಬ್ರ್ಯಾಂಪ್ಟನ್ ಪೊಲೀಸ್ನೋನೋ?”

ಇದು ಇಲ್ಲಿಗೆ ಹೊಸದಾಗಿ ಬಂದ ನಮ್ಮವರೆಲ್ಲರೂ ಕೇಳುವ ಪ್ರಶ್ನೆ. ಬ್ರ್ಯಾಂಪ್ಟನ್ ಮತ್ತು ಮಿಸಿಸಾಗಾ ಪೀಲ್ ರೀಜನಲ್ ಪೊಲೀಸರ ಕೈಯಲ್ಲಿವೆ. ನಮ್ಮ ಬೋಲ್ಟನ್ ಸೇರಿರುವ ಕ್ಯಾಲಿಡನ್ ಅದೇ ಪೀಲ್ ಪ್ರದೇಶದೊಳಗಿದ್ದರೂ ಒಂಟಾರಿಯೊ ಪ್ರಾಂತೀಯ ಪೊಲೀಸರ, ಅಂದರೆ ಒಪಿಪಿಯ ಕಾವಲಿನಲ್ಲಿದೆ. 1974ರಲ್ಲಿ ಆಲ್ಬಿಯನ್, ಕ್ಯಾಲಿಡನ್, ಬೋಲ್ಟನ್ ಹಳ್ಳಿ ಎಲ್ಲ ಸೇರಿ ಒಂದೇ ಪಟ್ಟಣವಾಯಿತು. ಪೊಲೀಸರು ಮಾತ್ರ 1909ರಲ್ಲಿ ಹುಟ್ಟಿದ ಆ ಹಳೆಯ ಸಂಸ್ಥೆಯವರೇ ಉಳಿದರು. ಕಪ್ಪು–ಬಿಳಿ ಕಾರು ಕಂಡರೆ ಒಪಿಪಿ.

ದೊಡ್ಡಪ್ಪನಿಗೆ ಆಡಳಿತದ ಕಥೆ ಬೇಕಾಗಿರಲಿಲ್ಲ. “ಕಾರು ಬಿಟ್ಟು ಬೈಕು ಯಾಕೆ? ಅಟ್ಟಿಸ್ಕೊಂಡು ಹೋಗಕ್ಕಾ?”

ಸಿನಿಮಾ ನೋಡಿದವರಿಗೆ ಹಾಗನ್ನಿಸುತ್ತದೆ. ಆದರೆ ಬೈಕಿನ ಬಲ ಇರುವುದು ಅಟ್ಟುವುದರಲ್ಲಲ್ಲ, ನಿಲ್ಲುವುದರಲ್ಲಿ. ಐವತ್ತನೇ ರಸ್ತೆಯನ್ನೇ ನೋಡಿ. ಒಂದು ಕಾಲಕ್ಕೆ ಪ್ರಾಂತ್ಯದ ಹೆದ್ದಾರಿ, ಆಮೇಲೆ ಪೀಲ್‌ನವರ ಕೈಗೆ ಬಂದ ರಸ್ತೆ. ಎಲ್ಲರ ಬಾಯಲ್ಲಿ ಇನ್ನೂ ‘ಹೈವೇ ಫಿಫ್ಟಿ’ಯೇ. ಅದು ಬೋಲ್ಟನ್ನಿನ ನಡುವೆ ಕ್ವೀನ್ ಸ್ಟ್ರೀಟ್ ಆಗಿ ಹಂಬರ್ ನದಿಯ ಕಣಿವೆಗೆ ಇಳಿದು ಮತ್ತೆ ಮೇಲೇರುತ್ತದೆ. ದಕ್ಷಿಣಕ್ಕೆ ಮೇಫೀಲ್ಡ್ ರಸ್ತೆ, ಕೋಲ್‌ರೇನ್ ಡ್ರೈವ್ ಸುತ್ತ ಗೋದಾಮಿನ ಮೇಲೆ ಗೋದಾಮು. ಲಾರಿಗಳು ಊರೊಳಗೆ ನುಗ್ಗದಿರಲೆಂದು ಪಶ್ಚಿಮಕ್ಕೆ ಎಮಿಲ್ ಕೋಲ್ಬ್ ಪಾರ್ಕ್‌ವೇ ಮಾಡಿದರು. 2021ರಲ್ಲಿ 427ನೇ ಹೆದ್ದಾರಿ ಮೇಜರ್ ಮೆಕೆಂಜಿ ಡ್ರೈವ್‌ವರೆಗೆ ಬೆಳೆದು ಬಂತು. ಅಲ್ಲಿ ಇಳಿದ ವಾಹನ ಹೆದ್ದಾರಿಯ ವೇಗವನ್ನು ಕಾಲಲ್ಲೇ ಇಟ್ಟುಕೊಂಡು ನಮ್ಮ ಕಡೆಗೆ ಬರುತ್ತದೆ. ಇಂಥ ಕಡೆ ಪೊಲೀಸ್ ಕಾರು ನಿಲ್ಲಿಸಲು ಜಾಗ ಬೇಕು. ಅಂಚಿನಲ್ಲಿ ನಿಲ್ಲಿಸಿದರೆ ಅರ್ಧ ಮೈಲಿ ದೂರದಿಂದಲೇ ಕಾಣುತ್ತದೆ. ಬೈಕು ಒಂದು ಗಿಡದ ಪಕ್ಕ, ಒಂದು ಬೋರ್ಡಿನ ಹಿಂದೆ ನಿಲ್ಲುತ್ತದೆ. ಅಪಘಾತವಾಗಿ ರಸ್ತೆ ಕಟ್ಟಿಕೊಂಡಾಗ ನಿಂತ ವಾಹನಗಳ ಪಕ್ಕದಲ್ಲೇ ಹಾದು ಮೊದಲು ಸ್ಥಳ ಮುಟ್ಟುವವನೂ ಬೈಕಿನವನೇ.

“ಇನ್ನೊಂದು ಅದೆ,” ಅಂದರು ದೊಡ್ಡಪ್ಪ, ನಾನು ಹೇಳಬೇಕೆಂದಿದ್ದನ್ನು ನನಗಿಂತ ಚೆನ್ನಾಗಿ. “ನಾನು ಬಸ್ ಓಡಿಸ್ತಿದ್ನಲ್ಲ, ಸೀಟು ಎತ್ರ. ಸಿಗ್ನಲ್ಲಲ್ಲಿ ಪಕ್ಕ ಕಾರು ನಿಂತ್ರೆ ಒಳಗೆ ಡ್ರೈವರ್ ತೊಡೆ ಮೇಲೆ ಏನದೆ ಅಂತ ನಂಗೆ ಕಾಣ್ತಿತ್ತು. ಕೊನೇ ಕೊನೇಗೆ ಬರೀ ಫೋನೇ. ಎಲ್ಲಾರ ತೊಡೆ ಮೇಲೂ ಫೋನು. ಬೈಕ್ ಮೇಲೆ ಕೂತೋನ್ಗೂ ಹಂಗೇ ಕಾಣ್ತದೆ.”

ಹೌದು. ಗಸ್ತು ಕಾರಿನಲ್ಲಿ ಕೂತ ಪೊಲೀಸನ ಕಣ್ಣು ಪಕ್ಕದ ಚಾಲಕನ ಭುಜದ ಮಟ್ಟಕ್ಕೆ. ಬೈಕಿನ ಮೇಲಿರುವವನಿಗೆ ಕಿಟಕಿಯಿಂದ ತೊಡೆ ಕಾಣುತ್ತದೆ. ಒಪಿಪಿಯವರು ‘ಬಿಗ್ ಫೋರ್’ ಎಂದು ನಾಲ್ಕು ತಪ್ಪುಗಳನ್ನು ಹೆಸರಿಸುತ್ತಾರೆ: ಅತಿವೇಗ ಮತ್ತು ಮೈಮೇಲೆ ಬೀಳುವಂತೆ ಓಡಿಸುವುದು, ಕುಡಿತ ಅಥವಾ ಮತ್ತಿನಲ್ಲಿ ಓಡಿಸುವುದು, ಗಮನ ಬೇರೆಡೆ ಇಡುವುದು, ಸೀಟ್ ಬೆಲ್ಟ್ ಹಾಕದಿರುವುದು. ಇವುಗಳಲ್ಲಿ ಕೊನೆಯ ಎರಡನ್ನು ಹಿಡಿಯಲು ಬೈಕಿಗಿಂತ ಒಳ್ಳೆಯ ಆಸನವಿಲ್ಲ. ಸೀಟ್ ಬೆಲ್ಟನ್ನು ಕೆನಡಾದಲ್ಲಿ ಎಲ್ಲರಿಗಿಂತ ಮೊದಲು ಕಡ್ಡಾಯ ಮಾಡಿದ್ದು ಒಂಟಾರಿಯೊ, 1976ರ ಜನವರಿ 1ರಂದು. ಐವತ್ತು ವರ್ಷವಾಯಿತು, ಇನ್ನೂ ಹೇಳಿಸಿಕೊಳ್ಳಬೇಕಾಗಿದೆ.

ಫೋನಿನ ಲೆಕ್ಕವನ್ನು ನಾನು ಅವರಿಗೆ ಮಾಡಿ ತೋರಿಸಿದೆ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಒಂದು ಮೆಸೇಜು ಓದಲು ಎರಡು ಸೆಕೆಂಡು ಕಣ್ಣು ಕೆಳಗಿಳಿದರೆ ಕಾರು 44 ಮೀಟರ್ ಕುರುಡಾಗಿ ಓಡಿರುತ್ತದೆ. ನಿಮ್ಮ ಬಸ್ಸು ನಾಲ್ಕನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ, ದೊಡ್ಡಪ್ಪ. ಅವರು ಕಣ್ಣು ಮುಚ್ಚಿ ಆ ನಾಲ್ಕು ಬಸ್ಸನ್ನು ಮನಸ್ಸಿನಲ್ಲೇ ನಿಲ್ಲಿಸಿ ನೋಡಿದರೆಂದು ಕಾಣುತ್ತದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವೇಗದ ಲೆಕ್ಕ ಇನ್ನೂ ಕಟು. 80ರಲ್ಲಿ ಹೋಗುವುದು 100ಕ್ಕೆ ಏರಿದರೆ ವೇಗ ಹೆಚ್ಚಿದ್ದು ಕಾಲು ಭಾಗ. ಬಡಿಯುವ ಶಕ್ತಿ ಹೆಚ್ಚಿದ್ದು ಅರ್ಧಕ್ಕೂ ಮಿಗಿಲು. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಅದಕ್ಕೆ ಯಾರ ಅನುಭವವೂ, ಯಾವ ಹೊಸ ಕಾರೂ ಅಡ್ಡ ಬರಲಾರದು. ಒಂಟಾರಿಯೊದಲ್ಲಿ ಅತಿ ದೊಡ್ಡ ಟ್ರಕ್ಕು ಸರಕು ಸಮೇತ 63,500 ಕೆ.ಜಿ. ತೂಗಬಹುದು. ಮೇಫೀಲ್ಡಿನ ಸಿಗ್ನಲ್ ಹಳದಿಯಾದಾಗ ಅಂಥದೊಂದು ಹಿಂದೆ ಬರುತ್ತಿದ್ದರೆ, ಮುಂದಿನ ಕಾರಿನವನು ಫೋನಿಂದ ತಲೆಯೆತ್ತಿ ಗಕ್ಕನೆ ಬ್ರೇಕು ಒತ್ತಿದರೆ ಏನಾಗುತ್ತದೆಂದು ಬಸ್ಸಿನವರಿಗೆ ಹೇಳಬೇಕಿಲ್ಲ.

“ನಮ್ಮ ಮೊಮ್ಮಗಂಗೆ ಹೇಳವ್ವ ಇದ್ನ,” ಅಂದರು. ಅವರ ಮೊಮ್ಮಗ ಜಿ2 ಲೈಸೆನ್ಸ್ ತೆಗೆದುಕೊಂಡು ಅಪ್ಪನ ಕಾರು ಓಡಿಸತೊಡಗಿದ್ದಾನೆ.

ಆ ಹುಡುಗನಿಗೆ ಮಾತ್ರವಲ್ಲ, ಅವನ ಅಪ್ಪನಿಗೂ ಗೊತ್ತಿರಬೇಕಾದದ್ದು ಒಂದಿದೆ. ಇಲ್ಲಿ ‘ಸ್ಟಂಟ್ ಡ್ರೈವಿಂಗ್’ ಎಂಬ ಅಪರಾಧವಿದೆ. ಚಕ್ರ ಎತ್ತಿ ಓಡಿಸಿದರೆ ಮಾತ್ರ ಸ್ಟಂಟ್ ಎಂದು ತಿಳಿದವರೇ ಹೆಚ್ಚು. 2021ರ ಜುಲೈಯಿಂದ, ಮಿತಿ 80ಕ್ಕಿಂತ ಕಡಿಮೆ ಇರುವ ರಸ್ತೆಯಲ್ಲಿ 40 ಕಿ.ಮೀ. ಹೆಚ್ಚು ಹೋದರೂ ಅದು ಸ್ಟಂಟೇ. 80 ಅಥವಾ ಅದಕ್ಕೂ ಮೇಲಿನ ಮಿತಿಯ ರಸ್ತೆಯಲ್ಲಿ 50 ಹೆಚ್ಚು. ಇನ್ನು 150 ಮುಟ್ಟಿದರಂತೂ ಯಾವ ರಸ್ತೆಯಲ್ಲಾದರೂ ಸರಿ. ನ್ಯಾಯಾಲಯದವರೆಗೆ ಕಾಯುವುದಿಲ್ಲ. ರಸ್ತೆ ಪಕ್ಕದಲ್ಲೇ ಲೈಸೆನ್ಸ್ 30 ದಿನ ಹೋಗುತ್ತದೆ, ಕಾರು 14 ದಿನ ಜಪ್ತಿ. ಕಾರು ಅಪ್ಪನ ಹೆಸರಲ್ಲಿದೆ, ಅಪ್ಪ ಮರುದಿನ ಅದರಲ್ಲೇ ಕೆಲಸಕ್ಕೆ ಹೋಗಬೇಕು ಎನ್ನುವುದು ಲೆಕ್ಕಕ್ಕಿಲ್ಲ. ತಪ್ಪು ಸಾಬೀತಾದರೆ 2,000ದಿಂದ 10,000 ಡಾಲರ್ ದಂಡ, ಮೊದಲ ಸಲವೇ ಕನಿಷ್ಠ ಒಂದು ವರ್ಷ ಲೈಸೆನ್ಸ್ ಇಲ್ಲ. ಕಠಿಣವೆಂದು ಕೆಲವರು ಗೊಣಗುತ್ತಾರೆ. ನನಗೆ ಕಠಿಣವೆನ್ನಿಸುವುದಿಲ್ಲ.

“ನಮ್ಮ ಕಡೆ ಹೊಸ ರೋಡ್ ಮಾಡುದ್ರಲ್ಲ, ಅದ್ರ ಪಾಡು ನೋಡ್ಲಿಲ್ವಾ,” ಎಂದು ದೊಡ್ಡಪ್ಪ ಮಾತಿನಲ್ಲೇ ಊರಿಗೆ ಹೋದರು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯನ್ನು ಪ್ರಧಾನಿ ಉದ್ಘಾಟಿಸಿದ್ದು 2023ರ ಮಾರ್ಚ್ 12ರಂದು, ಅವರದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬಳಸಿ ಹೋಗುವ ರಸ್ತೆ, ಹಂಪಿಲ್ಲ, ದನವಿಲ್ಲ. ಜನ ಹಗ್ಗ ಹರಿದಂತೆ ಓಡಿಸಿದರು. ಆ ಮೊದಲ ತಿಂಗಳುಗಳಲ್ಲಿ ಸತ್ತವರ ಸುದ್ದಿ ಓದಿ ಓದಿ ಸಾಕಾಗಿತ್ತು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಹೊಣೆ ಹೊತ್ತಿದ್ದ ಎಡಿಜಿಪಿ ಅಲೋಕ್ ಕುಮಾರ್ ತಾವೇ ರಸ್ತೆಗಿಳಿದು ಪರಿಶೀಲಿಸಿದರು. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಸರ್ವಿಸ್ ರಸ್ತೆಗೆ ಕಳಿಸಿದರು. ಸ್ಪೀಡ್ ಗನ್ ಹೊತ್ತ ಇಂಟರ್‌ಸೆಪ್ಟರ್ ವಾಹನಗಳು ಬಂದವು, ಕ್ಯಾಮೆರಾಗಳು ಬಂದವು. 100 ಕಿ.ಮೀ. ಮಿತಿಯ ರಸ್ತೆಯಲ್ಲಿ ಜನ ಮೊದಲ ಸಲ ಮಿತಿ ಎಂಬುದನ್ನು ನೋಡಿದರು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಬರೀ ದಂಡವಲ್ಲ, ಎಫ್‌ಐಆರ್ ಹಾಕುವುದು ಶುರುವಾಯಿತು. ಸಾವುಗಳು ಇಳಿದವು. ರಸ್ತೆ ಅದೇ, ಚಾಲಕರು ಅವರೇ. ನಿಧಾನದ ಗಾಡಿಗಳು ಪಕ್ಕಕ್ಕೆ ಸರಿದದ್ದು, ನೋಡುವ ಕಣ್ಣು ಬಂದದ್ದು, ಇಷ್ಟೇ ವ್ಯತ್ಯಾಸ.

ನಮ್ಮ ಒಂಟಾರಿಯೊ ಇದರ ವಿರುದ್ಧ ದಿಕ್ಕಿನಲ್ಲಿ ನಡೆಯಿತು, ನನ್ನ ಸಂಕಟ ಅದೇ. ಶಾಲೆಗಳ ಹತ್ತಿರ ವೇಗದ ಕ್ಯಾಮೆರಾಗಳಿದ್ದವು. ಟೊರೊಂಟೊದ ಸಿಕ್‌ಕಿಡ್ಸ್ ಮಕ್ಕಳ ಆಸ್ಪತ್ರೆ ಮತ್ತು ಟೊರೊಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕ್ಯಾಮೆರಾ ಇಟ್ಟ ಶಾಲಾ ವಲಯಗಳಲ್ಲಿ ಮಿತಿ ಮೀರುವ ವಾಹನಗಳ ಪ್ರಮಾಣ ಶೇ. 45ರಷ್ಟು ಇಳಿದಿತ್ತು. ಪ್ರೀಮಿಯರ್ ಡಗ್ ಫೋರ್ಡ್ ಅದನ್ನು ಜನರಿಂದ ಹಣ ಕೀಳುವ ದಂಧೆ ಎಂದರು. ಅದೇ ವರ್ಷ ನವೆಂಬರ್ 14ರಿಂದ ಇಡೀ ಪ್ರಾಂತ್ಯದಲ್ಲಿ ಕ್ಯಾಮೆರಾ ನಿಷೇಧವಾಯಿತು. ದಂಡದ ಚೀಟಿ ಅಂಚೆಯಲ್ಲಿ ಬಂದು ಮುಖ ಗಂಟಿಕ್ಕಿಕೊಂಡವರು ಸಂತೋಷಪಟ್ಟರು. ಮಕ್ಕಳನ್ನು ರಸ್ತೆ ದಾಟಿಸುವವರು ಸಂತೋಷಪಡಲಿಲ್ಲ. ಹೀಗೆ ಯಂತ್ರದ ಕಣ್ಣು ಮುಚ್ಚಿದ ಮೇಲೆ ಉಳಿದಿರುವುದು ಮನುಷ್ಯರ ಕಣ್ಣು. ಐವತ್ತನೇ ರಸ್ತೆಯ ಮೂಲೆಯಲ್ಲಿ ಬೈಕು ನಿಲ್ಲಿಸಿಕೊಂಡವನ ಕೆಲಸ ಆದ್ದರಿಂದಲೇ ಈ ಬೇಸಿಗೆಯಲ್ಲಿ ಹಿಂದೆಂದಿಗಿಂತ ದೊಡ್ಡದು.

ಇಷ್ಟು ಹೇಳಿದ ಮೇಲೆ ನನ್ನ ಗಂಟಲಲ್ಲಿದ್ದದ್ದು ಹೊರಗೆ ಬಂತು. ದೊಡ್ಡಪ್ಪ ಆ ಪೊಲೀಸನನ್ನು ನೋಡಿ ಮನೆಗೆ ಬರುವಷ್ಟರಲ್ಲಿ ನಮ್ಮ ಊರಿನವರ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂದಿತ್ತು: ಇಂಥ ಕಡೆ ಪೊಲೀಸ್ ನಿಂತಿದ್ದಾರೆ, ಹುಷಾರು. ಕೆಳಗೆ ಸಾಲಾಗಿ ಕೈ ಜೋಡಿಸಿದ ಚಿತ್ರಗಳು, ಧನ್ಯವಾದಗಳು. ಒಳ್ಳೆಯ ಜನ, ಹಿಮದಲ್ಲಿ ಕಾರು ಸಿಕ್ಕಿಕೊಂಡರೆ ಓಡಿ ಬರುವವರು. ಆದರೂ ಇದೊಂದು ಉಪಕಾರ ನನಗೆ ಬೇಡ, ಯಾರಿಗೂ ಬೇಡ.

“ಅದ್ರಲ್ಲಿ ತಪ್ಪೇನವ್ವ? ನಾವೂ ಎದುರು ಗಾಡಿಗೆ ಲೈಟ್ ಹೊಡೀತಿದ್ವಿ. ಮುಂದೆ ಚೆಕಿಂಗ್ ಅದೆ ಅಂತ. ಹುಷಾರು ಅಂದ್ರೆ ಅವ್ನು ನಿಧಾನ ಮಾಡ್ತಾನಲ್ಲ, ಅದೂ ಒಳ್ಳೇದೇ ಅಲ್ವಾ?”

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಊರಿನಲ್ಲಿ ಚಾಲಕರು ದೀಪ ಮಿನುಗಿಸಿ ಒಬ್ಬರನ್ನೊಬ್ಬರು ಎಚ್ಚರಿಸುತ್ತಿದ್ದದ್ದಕ್ಕೆ ಕಾರಣವಿತ್ತು. ಕಾಗದವೆಲ್ಲ ಸರಿಯಿದ್ದರೂ ಕೈ ಬಿಸಿ ಮಾಡದೆ ಬಿಡದ ಕಾಲವೊಂದಿತ್ತು. ಆ ಅಪನಂಬಿಕೆಯಿಂದ ಹುಟ್ಟಿದ ಒಗ್ಗಟ್ಟು ಅದು. ಇಲ್ಲಿ ರಸ್ತೆಯ ಪಕ್ಕ ದುಡ್ಡು ಕೈ ಬದಲಾಗುವುದಿಲ್ಲ. ಟಿಕೆಟ್ ಕೊಡುತ್ತಾರೆ, 15 ದಿನದೊಳಗೆ ಕಟ್ಟಬಹುದು, ಪ್ರಾಸಿಕ್ಯೂಟರ್ ಜೊತೆ ಮಾತಾಡಲು ದಿನ ಕೇಳಬಹುದು, ವಿಚಾರಣೆಯನ್ನೇ ಬೇಡಬಹುದು. ಊರಿನಿಂದ ಆ ಅಪನಂಬಿಕೆಯನ್ನು ಸೂಟ್‌ಕೇಸಿನಲ್ಲಿ ತಂದು ಇಲ್ಲೂ ಬಿಚ್ಚಬೇಕೆ?

ಇನ್ನು ನಿಧಾನ ಮಾಡುತ್ತಾನೆ ಎನ್ನುವುದು. ಪೊಲೀಸ್ ಎಲ್ಲಿದ್ದಾನೆಂದು ಗೊತ್ತಾದವನು ಅಲ್ಲೊಂದು ಕಡೆ ನಿಧಾನಿಸುತ್ತಾನೆ. ಅವನು ಇಲ್ಲದ ಉಳಿದ ದಾರಿ ಯಾವುದೆಂದೂ ಅವನಿಗೆ ಅದೇ ಸಂದೇಶದಿಂದ ತಿಳಿಯಿತಲ್ಲ? ಗಸ್ತಿನ ಬಲವೆಲ್ಲ ಇರುವುದು ಎಲ್ಲಿ ಬೇಕಾದರೂ ಇರಬಹುದು ಎಂಬ ಅನುಮಾನದಲ್ಲಿ. ವಿಕ್ಟೋರಿಯಾ ಡೇ ರಜೆಯ ವಾರಾಂತ್ಯ ಬಂದರೆ ಒಪಿಪಿಯವರೇ ಮುಂಚಿತವಾಗಿ ಸಾರುತ್ತಾರೆ, ರಸ್ತೆಯಲ್ಲಿ ಹೆಚ್ಚು ಜನ ಇರುತ್ತೇವೆ ಎಂದು. ಹೆದ್ದಾರಿ ಸುರಕ್ಷತಾ ವಿಭಾಗದ ಕೆರಿ ಶ್ಮಿಟ್ ವರ್ಷಗಳಿಂದ ವಿಡಿಯೊ ಮಾಡಿ ಮಾಡಿ ಹೇಳುತ್ತ ಬಂದಿದ್ದಾರೆ. ಆದರೆ ಯಾವ ಮೂಲೆ ಎಂದು ಹೇಳುವುದಿಲ್ಲ. ಆ ಒಂದು ವಿವರವನ್ನು ನಾವು ಹಂಚಿದರೆ ಉಳಿದ ಅಷ್ಟೂ ದಾರಿಯನ್ನು ಬಿಚ್ಚಿಕೊಟ್ಟಂತೆ.

ಕುಡಿದು ಓಡಿಸುವವರನ್ನು ಹಿಡಿಯುವ ರೈಡ್ ತಪಾಸಣೆಯ ಜಾಗ ಹಂಚುವುದಂತೂ ನನಗೆ ಸಹಿಸಲಾಗದು. 1977ರಲ್ಲಿ ಎಟೊಬಿಕೋದಲ್ಲಿ ಶುರುವಾಗಿ ಇಡೀ ಪ್ರಾಂತ್ಯಕ್ಕೆ ಹಬ್ಬಿದ ತಪಾಸಣೆ ಅದು. 2018ರ ಡಿಸೆಂಬರ್‌ನಿಂದ, ಕಾನೂನುಬದ್ಧವಾಗಿ ನಿಲ್ಲಿಸಿದ ಯಾವ ಚಾಲಕನನ್ನಾದರೂ ಊದು ಎಂದು ಕೇಳಬಹುದು, ಕುಡಿದಂತೆ ಕಾಣಬೇಕೆಂದಿಲ್ಲ. ‘ಕಿಂಗ್ ಸ್ಟ್ರೀಟಿನಲ್ಲಿ ರೈಡ್ ಇದೆ’ ಎಂಬ ಸಂದೇಶ ಕುಡಿಯದವನಿಗೆ ಉಳಿಸುವುದು ಎರಡು ನಿಮಿಷ. ಕುಡಿದವನಿಗೆ ಅದು ಬೇರೆ ದಾರಿ ತೋರಿಸುತ್ತದೆ. ಆ ಬೇರೆ ದಾರಿಯಲ್ಲಿ ಯಾರಿದ್ದಾರೆ?

2020ರ ಜೂನ್ 18ರಂದು, ನಮ್ಮಿಂದ ದೂರವೇನಲ್ಲದ ಬ್ರ್ಯಾಂಪ್ಟನ್ನಿನಲ್ಲಿ, ಟಾರ್ಬ್ರಮ್ ರಸ್ತೆಯೂ ಕಂಟ್ರಿಸೈಡ್ ಡ್ರೈವೂ ಕೂಡುವಲ್ಲಿ, ಒಬ್ಬ ತಾಯಿ ಮತ್ತು ಆಕೆಯ ಮೂವರು ಹೆಣ್ಣುಮಕ್ಕಳು ಸತ್ತರು. ದೊಡ್ಡವಳಿಗೆ ಆರು, ಚಿಕ್ಕವಳಿಗೆ ಒಂದು ವರ್ಷ. ಅತಿವೇಗದಲ್ಲಿ, ಮತ್ತಿನಲ್ಲಿ ಬಂದ ಕಾರು. ಆ ಚಾಲಕ ಎರಡು ದಿನ ಮೊದಲು ಇದೇ ಕ್ಯಾಲಿಡನ್ನಿನಲ್ಲಿ ಅಪಾಯಕಾರಿಯಾಗಿ ಓಡಿಸಿದ್ದನ್ನೂ ಒಪ್ಪಿಕೊಂಡ. 2022ರಲ್ಲಿ ಅವನಿಗೆ 17 ವರ್ಷದ ಸೆರೆಯಾಯಿತು. ಎರಡು ದಿನ. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಆ ಎರಡು ದಿನ ನೆನಪಾಗುತ್ತದೆ. ನಡುವೆ ಎಲ್ಲಾದರೂ ಒಬ್ಬ ಪೊಲೀಸ್ ಅವನನ್ನು ಹಿಡಿದು ನಿಲ್ಲಿಸಿದ್ದಿದ್ದರೆ?

ದೊಡ್ಡಪ್ಪ ಟೋಪಿ ತೆಗೆದು ತಲೆ ಸವರಿಕೊಂಡರು. “ಬುಡವ್ವ. ಇನ್ಮೇಲೆ ಅಂಥಾ ಮೆಸೇಜು ಹಾಕಬ್ಯಾಡಿ ಅಂತ ನನ್ನ ಮಗಳ ಕೈಲೇ ಬರ್ಸ್ತೀನಿ. ನನ್ ಹೆಸ್ರಲ್ಲೇ ಬರೀಲಿ. ಮೂವತ್ತು ವರ್ಷ ಸ್ಟೇರಿಂಗ್ ಹಿಡ್ದೋನು ಹೇಳ್ತಾವ್ನೆ ಅಂತ.”

ಆಮೇಲೆ ಅವರಿಗೆ ಒಂದು ಆತಂಕ ಬಂತು. ಮೊಮ್ಮಗನನ್ನೇ ಪೊಲೀಸ್ ನಿಲ್ಲಿಸಿದರೆ? ಊರಿನ ರೂಢಿಯಲ್ಲಿ ನಾವು ಕಾರಿನಿಂದಿಳಿದು, ಕಾಗದ ಹಿಡಿದು ಅವರ ಹತ್ತಿರ ಹೋಗುವುದು ಮರ್ಯಾದೆ. ಇಲ್ಲಿ ಹಾಗೆ ಇಳಿದು ನಡೆದರೆ ಅವರಿಗೆ ಅದು ಅಪಾಯದ ಸೂಚನೆ. ಬಲಕ್ಕೆ ನಿಲ್ಲಿಸಿ, ಕಿಟಕಿ ಇಳಿಸಿ, ಕೈಯೆರಡೂ ಸ್ಟೇರಿಂಗ್ ಮೇಲಿಟ್ಟು ಕೂತಿರಬೇಕು; ಕೇಳಿದಾಗ ಮಾತ್ರ ಕಾಗದ ತೆಗೆಯಬೇಕು. ಅಧಿಕಾರಿ ಎಷ್ಟೋ ಸಲ ಚಾಲಕನ ಬದಿ ಬಿಟ್ಟು ಪಕ್ಕದ ಸೀಟಿನ ಕಿಟಕಿಗೆ ಬರುತ್ತಾರೆ. ಹಾದು ಹೋಗುವ ವಾಹನಗಳಿಗೆ ಬೆನ್ನು ಕೊಟ್ಟು ನಿಲ್ಲುವುದು ಅವರ ಕೆಲಸದಲ್ಲೇ ಭಯದ ಗಳಿಗೆ.

ಬೈಕಿನವನಿಗಂತೂ ಸುತ್ತ ತಗಡೂ ಇಲ್ಲ. ಅವನ ಬೈಕು ದೀಪ ಮಿನುಗಿಸುತ್ತ ಅಂಚಿನಲ್ಲಿ ನಿಂತಿದ್ದರೆ ನಾವು ವೇಗ ಇಳಿಸಬೇಕು; ಅದೇ ದಿಕ್ಕಿಗೆ ಎರಡು ಪಥವಿದ್ದರೆ, ಸುರಕ್ಷಿತವಾಗಿದ್ದರೆ, ಅವನ ಪಕ್ಕದ ಪಥ ಬಿಟ್ಟು ಆಚೆಗೆ ಸರಿಯಬೇಕು. ಇದು ಸೌಜನ್ಯವಲ್ಲ, ಕಾನೂನು. 2015ರಿಂದ ಟೋ ಟ್ರಕ್ಕಿಗೂ ಅನ್ವಯ. ತಪ್ಪಿದರೆ 490 ಡಾಲರ್ ಮತ್ತು ಮೂರು ಡಿಮೆರಿಟ್ ಪಾಯಿಂಟ್. ಇದನ್ನು ಮುರಿಯುವವರನ್ನು ನಾನು ಬೇಕಾದಷ್ಟು ನೋಡುತ್ತೇನೆ. ಬಹಳ ಜನಕ್ಕೆ ಹೀಗೊಂದು ನಿಯಮವಿರುವುದೇ ಗೊತ್ತಿಲ್ಲ.

ಭಾನುವಾರ ಅಳಿಯ ದೊಡ್ಡಪ್ಪನನ್ನು ಫೋರ್ಕ್ಸ್ ಆಫ್ ದ ಕ್ರೆಡಿಟ್ ಕಡೆಗೆ ಕರೆದುಕೊಂಡು ಹೋಗುವವರಿದ್ದಾರೆ. ಕ್ಯಾಲಿಡನ್ನಿನ ಆ ಮೂಲೆಯ ರಸ್ತೆಯಲ್ಲಿ ಹೇರ್‌ಪಿನ್ ತಿರುವಿದೆ. ಬೇಸಿಗೆಯ ವಾರಾಂತ್ಯದಲ್ಲಿ ಬೈಕಿನವರ ಜಾತ್ರೆ. ಶೋಕಿಗೆ ಬರುವವರು ಹೆಚ್ಚಿನವರು ಶಿಸ್ತಿನವರೇ, ಒಬ್ಬಿಬ್ಬರು ಆ ತಿರುವನ್ನು ಪಂದ್ಯದ ಕಣ ಮಾಡಿಕೊಳ್ಳುತ್ತಾರೆ. ಅಂಥವರನ್ನು ಆ ಸುತ್ತು ರಸ್ತೆಯಲ್ಲಿ ಮಾತಾಡಿಸಬಲ್ಲವನು ತಾನೂ ಬೈಕಿನ ಮೇಲೆ ಕೂತ ಪೊಲೀಸನೇ. ಬೈಕು ವಾಲಿಸುವುದು ಏನೆಂದು ಅವನಿಗೆ ಗೊತ್ತು.

“ನಾವು ಬರೀ ಸರಿದು ಜಾಗ ಬಿಟ್ರೆ ಸಾಕಾ? ನಾವೇನೂ ಮಾಡಕ್ಕಾಗಲ್ವಾ?” ಎಂದರು ದೊಡ್ಡಪ್ಪ.

ಆಗುತ್ತದೆ. ರೋಡ್ ವಾಚ್ ಎಂಬ ವ್ಯವಸ್ಥೆ 1990ರ ದಶಕದಲ್ಲಿ ಹುಟ್ಟಿದ್ದು ಬೇರೆಲ್ಲೂ ಅಲ್ಲ, ನಮ್ಮ ಕ್ಯಾಲಿಡನ್ನಿನಲ್ಲೇ. ಊರಿನ ಜನ ಮತ್ತು ಪೊಲೀಸರು ಸೇರಿ ಮಾಡಿದ್ದು. ಅಪಾಯಕಾರಿಯಾಗಿ ಓಡಿಸುವವರನ್ನು ಕಂಡರೆ ಒಂದು ಅರ್ಜಿ ತುಂಬಿ ಕೊಡಬೇಕು: ದಿನ, ಹೊತ್ತು, ಜಾಗ, ನಂಬರ್ ಪ್ಲೇಟು, ಏನು ಮಾಡಿದ. ಪೊಲೀಸರಿಂದ ವಾಹನದ ಮಾಲೀಕರಿಗೆ ಪತ್ರ ಹೋಗುತ್ತದೆ. ದಂಡವಿಲ್ಲ, ಕೇಸಿಲ್ಲ, ಯಾರೋ ನಿನ್ನನ್ನು ನೋಡಿದರು ಎಂಬ ಒಂದು ಪತ್ರ. ಮಗ ಹೇಗೆ ಓಡಿಸುತ್ತಾನೆಂದು ಎಷ್ಟೋ ಅಪ್ಪಂದಿರಿಗೆ ಮೊದಲು ತಿಳಿಯುವುದೇ ಹಾಗಿರಬೇಕು. ಕುಡಿದು ತೂರಾಡುತ್ತ ಹೋಗುವ ಕಾರು ಕಂಡರೆ ಮಾತ್ರ ಅರ್ಜಿ ಬರೆಯುತ್ತ ಕೂರುವುದಲ್ಲ, 911.

“ಓಡಿಸ್ತಾ ಇರೋರು ನಂಬರ್ ಹೆಂಗ್ ಬರ್ಕೊಳ್ಳದು?”

“ಓಡಿಸೋರು ಮುಟ್ಟಬಾರದು ದೊಡ್ಡಪ್ಪ. ಪಕ್ಕದಲ್ಲಿ ಕೂತವರು ಬರ್ಕೋಬೇಕು.”

“ಅಂಗಾದ್ರೆ ನನ್ ಕೆಲ್ಸ ಅದು,” ಎಂದು ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು, ಅಲ್ಲಿ ಪೆನ್ನಿತ್ತು. “ಬೆಳಿಗ್ಗೆ ಅಳಿಯ ನನ್ನ ವಾಕಿಂಗ್‌ಗೆ ಬುಡಕ್ಕೆ ಕರ್ಕಂಡೋಗ್ತಾನಲ್ಲ, ಆ ಮೇಫೀಲ್ಡ್ ಸಿಗ್ನಲ್ಲಲ್ಲಿ ಕೆಂಪು ಬಿದ್ಮೇಲೂ ನುಗ್ಗೋ ಬಿಳೀ ವ್ಯಾನ್ ಒಂದದೆ. ಅದರಿಂದ್ಲೇ ಸುರು ಮಾಡ್ತೀನಿ. ಆ ಅರ್ಜಿ ಇಂಗ್ಲಿಷಲ್ಲಿರ್ತದೆ, ನೀನು ತುಂಬ್ಕೊಡ್ಬೇಕು ಕಣವ್ವ.”

ತುಂಬಿಕೊಡುತ್ತೇನೆ ಎಂದೆ.